ಟೆಲಿ ಮಾನಸ್ 14416: ಬರಗಾಲದಲ್ಲಿ ಪಂಚಾಯ್ತಿ ಫೋನ್ ಎತ್ತಿ ಎತ್ತಿ ಸುಸ್ತಾದವಳ ರಿವ್ಯೂ

ಫೋನ್ ನಂಬರಿಗೆಲ್ಲ ಯಾರಾದ್ರೂ ರಿವ್ಯೂ ಬರೀತಾರಾ ಅಂತ ನಮ್ಮನೆಯವ್ರು ಕೇಳಿದ್ರು. ಬರೀಬೇಕು ಅನ್ಸಿದೆ, ಬರೀತಿದೀನಿ. ಒಂದು ಮಿಕ್ಸಿ ತಗೋಳೋಕೆ ಮುಂಚೆ ಹತ್ತು ಜನ ಬರ್ದಿದ್ದು ಓದ್ತೀವಿ, ಆದ್ರೆ ಮನಸ್ಸಿನ ಕಷ್ಟ ಹೇಳ್ಕೊಳೋಕೆ ಸರ್ಕಾರ ಇಟ್ಟಿರೋ ಟೆಲಿ ಮಾನಸ್ ನಂಬರು 14416ಗೆ ಫೋನ್ ಮಾಡಿದ್ರೆ ಆ ಕಡೆ ಯಾರು ಎತ್ತುತ್ತಾರೆ, ಏನೇನು ಕೇಳ್ತಾರೆ, ಹೆಸ್ರು ಬರ್ಕೊಂಡು ಆಫೀಸಿಗೆ ಹೇಳ್ಬಿಡ್ತಾರಾ, ದುಡ್ಡು ಕಟ್ಟಾಗುತ್ತಾ, ಇದ್ಯಾವುದನ್ನೂ ನಮ್ಮ ಕಡೆಯೋರು ಯಾರೂ ಬರ್ದಿದ್ದು ನನ್ನ ಕಣ್ಣಿಗೆ ಬೀಳ್ಲಿಲ್ಲ. ಗೊತ್ತಿಲ್ದೆ ಎರಡು ತಿಂಗ್ಳು ಸುಮ್ನೆ ನರಳಿದೆ. ಹಂಗಾಗಿ ಬೇರೆಯೋರಿಗಾದ್ರೂ ಗೊತ್ತಿರ್ಲಿ ಅಂತ ಇಷ್ಟುದ್ದ ಬರೀತಿದೀನಿ, ತಾಳ್ಮೆಯಿಂದ ಓದಿ.

ನಾನಿರೋದು ಚಿತ್ರದುರ್ಗ ಟೌನು, ಕೆಲ್ಸ ಇದೇ ಜಿಲ್ಲೆಯ ಒಂದು ಗ್ರಾಮ ಪಂಚಾಯ್ತೀಲಿ ಡಾಟಾ ಎಂಟ್ರಿ ಆಪರೇಟರ್. ಯಾವ ಪಂಚಾಯ್ತಿ ಅಂತ ಹೇಳಲ್ಲ, ಅಲ್ಲಿರೋರೆಲ್ಲ ನನ್ನಂಗೇ ಒದ್ದಾಡಿದೋರೇ, ಯಾರ ಹೆಸ್ರೂ ಕೆಡಿಸೋದು ನಂಗೆ ಬೇಡ. ದಿನಾ ಬಸ್ಸು, ಒಂದು ಕಡೆಗೆ ಒಂದೂಕಾಲು ಗಂಟೆ.

2023ರಲ್ಲಿ ಮಳೆ ಕೈಕೊಡ್ತು. ರಾಜ್ಯದ 236 ತಾಲೂಕಲ್ಲಿ 223 ತಾಲೂಕು ಬರಪೀಡಿತ ಅಂತ ಘೋಷಣೆ ಆಯ್ತು. ಅದ್ರ ಹಿಂದಿನ ವರ್ಷ, 2022ರ ಸೆಪ್ಟೆಂಬರಲ್ಲಿ, 89 ವರ್ಷ ಆದ್ಮೇಲೆ ಮಾರಿಕಣಿವೆ ಅಂದ್ರೆ ನಮ್ಮ ವಾಣಿವಿಲಾಸ ಸಾಗರ ಡ್ಯಾಮು ಕೋಡಿ ಬಿದ್ದಿತ್ತು, ಜಿಲ್ಲೆಗೆ ಜಿಲ್ಲೆಯೇ ನೋಡೋಕೆ ಹೋಗಿತ್ತು, ನಾವೂ ಮಗೂನ ಹೆಗಲ ಮೇಲೆ ಕೂರಿಸ್ಕೊಂಡು ಹೋಗಿ ಫೋಟೋ ತೆಗಿಸ್ಕೊಂಡಿದ್ವಿ. ಅದಾಗಿ ಒಂದೂವರೆ ವರ್ಷಕ್ಕೆ, 2024ರ ಫೆಬ್ರವರಿ ಹೊತ್ತಿಗೆ, ನಮ್ಮ ಪಂಚಾಯ್ತಿ ಹಳ್ಳಿಗಳಲ್ಲಿ ಬೋರು ಒಂದೊಂದಾಗಿ ಬತ್ತೋಕೆ ಶುರುವಾಯ್ತು. ಮೊದ್ಲು ನೀರು ಬಿಟ್ಟು ಬಿಟ್ಟು ಬರುತ್ತೆ, ಆಮೇಲೆ ಕೆಸರು ಬರುತ್ತೆ, ಆಮೇಲೆ ಬರೀ ಗಾಳಿ ಬರುತ್ತೆ, ಆಮೇಲೆ ಮೋಟ್ರು ಸುಟ್ಟೋಗುತ್ತೆ. ಪೈಪು ಎತ್ತಿಸ್ಬೇಕು, ಮೋಟ್ರು ರಿವೈಂಡಿಂಗಿಗೆ ಕಳಿಸ್ಬೇಕು, ಅಷ್ಟ್ರಲ್ಲಿ ಟ್ಯಾಂಕರ್ ಬಿಡ್ಬೇಕು, ತೋಟದೋರ ಹತ್ರ ಬಾಡಿಗೆಗೆ ಬೋರು ಕೇಳ್ಬೇಕು, ಅವ್ರಿಗೂ ಅಡಿಕೆ ಗಿಡ ಒಣಗ್ತಿರುತ್ತೆ, ಅವ್ರು ಹೆಂಗ್ ಕೊಡ್ತಾರೆ ಹೇಳಿ. ಟ್ಯಾಂಕರ್ ಎಷ್ಟು ಟ್ರಿಪ್ ಹೊಡೀತು ಅಂತ ಲಾಗ್ ಬುಕ್, ಫೋಟೋ, ಬಿಲ್ಲು, ಎಲ್ಲಾ ನನ್ನ ಟೇಬಲ್ಲಿಗೆ. ಅದೇ ಟೈಮಲ್ಲಿ ಬರ ಅಂತ ನರೇಗಾ ಕೆಲ್ಸಕ್ಕೆ ಜನ ಜಾಸ್ತಿ ಬಂದ್ರು, ಕೆಲ್ಸ ಕೊಡಿ ಅನ್ನೋ ಅರ್ಜಿ ಫಾರಂ 6 ತಗೋಬೇಕು, ಎನ್‌ಎಂಆರ್ ಅಂದ್ರೆ ಹಾಜರಾತಿ ಪಟ್ಟಿ ತೆಗೀಬೇಕು, ಕೂಲಿಯೋರ ಗುಂಪು ನೋಡ್ಕೊಳೋ ಕಾಯಕ ಬಂಧುಗಳು ಬೆಳಗ್ಗೆ ಮಧ್ಯಾಹ್ನ ಎರಡು ಸಲ ಆಪಲ್ಲಿ ಹಾಜರಾತಿ ಫೋಟೋ ಹಾಕ್ಬೇಕು, ನೆಟ್‌ವರ್ಕ್ ಸಿಗ್ದಿದ್ರೆ ಅವ್ರ ಫೋನೂ ನನಗೇ. ಮೇಲಿಂದ ಲೋಕಸಭೆ ಎಲೆಕ್ಷನ್ನು, ಚಿತ್ರದುರ್ಗಕ್ಕೆ ಏಪ್ರಿಲ್ 26 ವೋಟಿಂಗು, ಅದ್ರ ಕೆಲ್ಸ ಬೇರೆ.

ಇಷ್ಟೂ ತಡ್ಕೋತಿದ್ದೆ. ತಡ್ಕೊಳೋಕಾಗ್ದೆ ಇದ್ದಿದ್ದು ಒಂದೇ, ಫೋನು. ನೀರಿನ ದೂರಿಗೆ ಸಂಪರ್ಕಿಸಿ ಅಂತ ಬೋರ್ಡ್ ಬರೆಸೋವಾಗ ಆಫೀಸಿಗೆ ಅಂತ ಬೇರೆ ನಂಬರ್ ಇರ್ಲಿಲ್ಲ, ನಿಮ್ದೇ ಹಾಕಿ ಮೇಡಂ ಎರಡು ವಾರಕ್ಕೆ, ಆಮೇಲೆ ಬದಲಾಯ್ಸೋಣ ಅಂದ್ರು, ಹೂಂ ಅಂದೆ. ಆ ಎರಡು ವಾರ ಮುಗೀಲೇ ಇಲ್ಲ. ಏಳು ಹಳ್ಳಿ, ಹಳ್ಳಿಗೆ ಮೂರು ನಾಲ್ಕು ಬೀದಿ, ಪ್ರತಿ ಮಿನಿ ಟ್ಯಾಂಕಿನ ಮೇಲೂ ನನ್ನ ನಂಬರು. ಬೆಳಗ್ಗೆ ಐದಕ್ಕೆ ಶುರು, ರಾತ್ರಿ ಹನ್ನೊಂದಕ್ಕೂ ನಿಲ್ಲಲ್ಲ. ಎಲ್ರೂ ಕೇಳೋದು ಒಂದೇ ಮಾತು, ಯಾವಾಗ ಬಿಡ್ತೀರಿ. ಅದಕ್ಕೆ ಉತ್ತರ ನನ್ನ ಹತ್ರ ಇರ್ತಿರ್ಲಿಲ್ಲ, ನೀರುಗಂಟಿಗೆ ಕೇಳಿದ್ರೆ ಕರೆಂಟ್ ಬಂದ್ರೆ ಬಿಡ್ತೀನಿ ಅಂತಾನೆ, ಟ್ಯಾಂಕರ್ ಡ್ರೈವರಿಗೆ ಕೇಳಿದ್ರೆ ಇನ್ನೊಂದೂರಲ್ಲಿ ಅಡ್ಡ ಹಾಕಿದಾರೆ ಅಂತಾನೆ.

ಮಾರ್ಚ್ ಹೊತ್ತಿಗೆ ನನ್ನೊಳಗೆ ಏನೋ ಕೆಟ್ಟಿದೆ ಅಂತ ಗೊತ್ತಾಗೋಕೆ ಶುರುವಾಯ್ತು. ರಿಂಗ್‌ಟೋನ್ ಕೇಳಿದ್ರೆ ಎದೆ ದಡದಡ ಅನ್ನೋದು, ಬಸ್ಸಲ್ಲಿ ಪಕ್ಕದೋರ ಫೋನ್ ಹೊಡ್ಕೊಂಡ್ರೂ ನನ್ನ ಕೈ ವ್ಯಾನಿಟಿ ಬ್ಯಾಗಿಗೆ ಹೋಗೋದು. ನಿದ್ದೆ ಬರುತ್ತೆ, ಮೂರು ಗಂಟೆಗೆ ಎಚ್ಚರ ಆಗುತ್ತೆ, ಎದ್ದು ಫೋನ್ ನೋಡೋದು. ಭಾನುವಾರ ಇಡೀ ದಿನ ಮಲಗಿದ್ರೂ ಸೋಮವಾರ ಎದ್ದಾಗ ಮಲಗೇ ಇರ್ಲಿಲ್ವೇನೋ ಅನ್ನೋ ಹಂಗೆ ಮೈ. ಎಂದೂ ತಪ್ಪು ಮಾಡ್ದೋಳು ಒಂದು ಎನ್‌ಎಂಆರಲ್ಲಿ ಇಬ್ರ ಹಾಜರಾತಿ ಮೂರು ಮೂರು ದಿನ ಬಿಟ್ಟು ಎಂಟ್ರಿ ಮಾಡ್ಬಿಟ್ಟೆ. ಏಪ್ರಿಲಿಂದ ಕೂಲಿ 349 ರೂಪಾಯಿ ಆಗಿತ್ತು, ಆರು ದಿನಕ್ಕೆ 2094 ರೂಪಾಯಿ, ಬರಗಾಲದಲ್ಲಿ ಎರಡು ಮನೆಯ ದುಡ್ಡು. ಅದನ್ನ ಸರಿ ಮಾಡಿಸೋಕೆ ಓಡಾಡಿದ್ದು ಬೇರೆ ಕಥೆ, ಆದ್ರೆ ತಪ್ಪು ಗೊತ್ತಾದ ಹೊತ್ತಲ್ಲಿ ನಂಗೆ ಅಯ್ಯೋ ಅಂತಲೂ ಅನ್ಸಿರ್ಲಿಲ್ಲ, ಅದಕ್ಕೇ ಜಾಸ್ತಿ ಭಯ ಆಯ್ತು.

ಆಮೇಲೆ ಯುಗಾದಿ. ಏಪ್ರಿಲ್ 9, ಮಂಗಳವಾರ. ಎಣ್ಣೆ ನೀರು ಹಾಕ್ಕೊಳೋ ಹಬ್ಬ, ಆವತ್ತು ನೀರಿಲ್ಲ ಅಂದ್ರೆ ಯಾರಿಗೆ ತಾನೇ ಸಿಟ್ಟು ಬರಲ್ಲ. ರಜಾ ದಿನ, ನಾನು ಮನೇಲಿ ಹೋಳಿಗೆಗೆ ಹೂರಣ ರುಬ್ಬುತಿದ್ದೆ, ಒಂದು ಕೈಲಿ ಫೋನು. ಬೆಳಗ್ಗೆ ಐದರಿಂದ ಹನ್ನೊಂದರವರೆಗೆ ಬಂದಿದ್ದು ಆಮೇಲೆ ಕಾಲ್ ಲಾಗಲ್ಲಿ ಎಣಿಸಿದೆ, 63. ಅದ್ರಲ್ಲಿ ಒಂದು ಕಾಲು ಒಬ್ಬ ಅಜ್ಜೀದು. ದನಿ ಸಣ್ಣದು. ಯವ್ವಾ, ಸೊಸೆ ಬಾಣಂತಿ ಅವ್ಳೆ, ಹನ್ನೆಲ್ಡು ದಿನದ ಕೂಸು, ಎಲ್ಡು ಕೊಡ ಆದ್ರೂ ಕಳಿಸವ್ವ, ಅಂದ್ಲು. ನಾನು ಏನಂದೆ ಅಂತ ಬರೀಲೇಬೇಕು, ಬರೀದಿದ್ರೆ ಈ ರಿವ್ಯೂಗೆ ಅರ್ಥ ಇಲ್ಲ. ಬಾಣಂತನ ಮಾಡೋಕೆ ಮುಂಚೆ ನಮ್ಮನ್ನ ಕೇಳಿದ್ರಾ, ಅಂದೆ.

ಆ ಕಡೆ ಒಂದು ಕ್ಷಣ ಏನೂ ಇಲ್ಲ. ಹಿಂದೆ ಕೋಳಿ ಕೂಗಿದ್ದು ಕೇಳ್ತು. ಆಮೇಲೆ ಆ ಅಜ್ಜಿ, ಆತು ಬಿಡವ್ವ, ಅಂದು ಫೋನ್ ಇಟ್ಲು.

ಬೈದಿದ್ರೆ ಮರೀತಿದ್ದೆ. ಬೈಯೋರು ಬೇಕಾದಷ್ಟು ಜನ ಇದ್ರು. ಆ ಆತು ಬಿಡವ್ವ ಅನ್ನೋದು ಇವತ್ತಿಗೂ ಕಿವೀಲಿದೆ. ನಾನೂ ಹಳ್ಳೀಲಿ ಹುಟ್ಟಿದೋಳು, ನಮ್ಮಜ್ಜಿ ಕೊಡ ಹೊತ್ತಿದ್ದು ನೋಡಿದೋಳು, ನನ್ನ ಬಾಣಂತನದಲ್ಲಿ ನಮ್ಮಮ್ಮ ಹಂಡೆ ಹಂಡೆ ನೀರು ಕಾಯಿಸಿ ಹಾಕಿದೋಳು. ಈ ಮಾತು ನನ್ನ ಬಾಯಲ್ಲಿ ಎಲ್ಲಿಂದ ಬಂತು? ಹೂರಣ ಅಲ್ಲೇ ಬಿಟ್ಟು ಬಚ್ಚಲಿಗೆ ಹೋಗಿ ಬಾಗ್ಲು ಹಾಕ್ಕೊಂಡು ಕೂತೆ, ಅಳುನೂ ಬರ್ಲಿಲ್ಲ.

ಇನ್ನು ಸರ್ವೀಸ್ ವಿಷಯಕ್ಕೆ ಬರ್ತೀನಿ.

ನಂಬರ್ ನಂಗೆ ಗೊತ್ತಿದ್ದಿದ್ದು ಹೆಂಗೆ ಅಂದ್ರೆ, ಆರೋಗ್ಯ ಇಲಾಖೆಯೋರು ಕೊಟ್ಟಿದ್ದ ಪೋಸ್ಟರನ್ನ ನಮ್ಮ ಪಂಚಾಯ್ತಿ ನೋಟಿಸ್ ಬೋರ್ಡಿಗೆ ಗಮ್ ಹಚ್ಚಿ ಅಂಟಿಸಿದ್ದು ನಾನೇ. ಆರು ತಿಂಗ್ಳು ಅದ್ರ ಮುಂದೇನೇ ಓಡಾಡಿದೆ, ಅದು ನನಗೂ ಅಂತ ಅನ್ಸಿರ್ಲಿಲ್ಲ. ಹುಚ್ಚು ಹಿಡ್ದೋರಿಗೆ, ಸಾಯ್ತೀನಿ ಅನ್ನೋರಿಗೆ ಇರೋ ನಂಬರು ಅಂದ್ಕೊಂಡಿದ್ದೆ. ನನ್ನಂಗೆ ಅಂದ್ಕೊಂಡಿರೋರು ಬಹಳ ಜನ ಇದೀರಿ ಅಂತ ಗೊತ್ತು. ನಿದ್ದೆ ಬರಲ್ಲ, ಪರೀಕ್ಷೆ ಭಯ, ಮನೇಲಿ ಜಗಳ, ಕುಡಿತ, ಕೆಲ್ಸದ ಒತ್ತಡ, ಯಾವುದಕ್ಕಾದ್ರೂ ಮಾಡ್ಬಹುದು. ಕೇಂದ್ರ ಸರ್ಕಾರದ ಸೇವೆ ಇದು, 2022ರ ಬಜೆಟ್ಟಲ್ಲಿ ಹೇಳಿ ಅದೇ ವರ್ಷ ಅಕ್ಟೋಬರ್ 10, ವಿಶ್ವ ಮಾನಸಿಕ ಆರೋಗ್ಯ ದಿನ, ಅವತ್ತು ಶುರು ಮಾಡಿದ್ದು, ಇಡೀ ದೇಶಕ್ಕೆ ನಮ್ಮ ಬೆಂಗಳೂರಿನ ನಿಮ್ಹಾನ್ಸೇ ಮುಖ್ಯ ಕೇಂದ್ರ. 24 ಗಂಟೆನೂ ಇರುತ್ತೆ, ಟೋಲ್ ಫ್ರೀ. 14416 ಅಲ್ದೆ 1800 891 4416 ಅಂತ ಇನ್ನೊಂದಿದೆ, ಎರಡೂ ಒಂದೇ.

ಯುಗಾದಿ ರಾತ್ರಿ, ಒಂಬತ್ತೂಮುಕ್ಕಾಲು. ಮನೆಯೋರಿಗೆ ಬಟ್ಟೆ ತರ್ತೀನಿ ಅಂದು ಟೆರೇಸಿಗೆ ಹೋದೆ, ಸಿಂಟೆಕ್ಸ್ ಟ್ಯಾಂಕಿನ ಹಿಂದೆ ಕೂತ್ಕೊಂಡೆ, ಅಲ್ಲಿಂದ ಮಾತು ಕೆಳಗೆ ಕೇಳಲ್ಲ. ಮೂರು ಸಲ ಡಯಲ್ ಮಾಡಿ ಕಟ್ ಮಾಡಿದೆ. ನಾಲ್ಕನೇ ಸಲ ಹೋಗ್ಲಿ ಅಂತ ಬಿಟ್ಟೆ. ಮೊದ್ಲು ರೆಕಾರ್ಡಿಂಗ್ ಬರುತ್ತೆ, ಭಾಷೆ ಕೇಳುತ್ತೆ, ಕನ್ನಡ ಒತ್ತಿದೆ. ಒಬ್ಬ ಹೆಣ್ಮಗಳು ಎತ್ತಿದ್ಲು, ನಮಸ್ತೆ ಹೇಳಿ ವಯಸ್ಸು, ಜಿಲ್ಲೆ ಎಲ್ಲ ಕೇಳಿ, ಹೇಳಿ ಮೇಡಂ, ಏನ್ ನಡೀತಿದೆ, ಅಂದ್ಲು.

ನಂಗೆ ಮಾತು ಬರ್ಲಿಲ್ಲ. ಎಷ್ಟೋ ಹೊತ್ತು ಸುಮ್ನಿದ್ದೆ, ಆಯಮ್ಮನೂ ಅವಸರ ಮಾಡ್ಲಿಲ್ಲ, ಇದೀನಿ ಮೇಡಂ, ನಿಧಾನ, ಅಂತ ಮಧ್ಯೆ ಒಂದು ಸಲ ಅಂದ್ಲು ಅಷ್ಟೇ. ನೋಡಿ, ಆ ಎರಡು ತಿಂಗ್ಳಲ್ಲಿ ಫೋನಿನ ಆ ಕಡೆ ಇರೋರು ನನ್ನ ಹತ್ರ ಏನೂ ಕೇಳ್ದೆ ಕಾದಿದ್ದು ಅದೇ ಮೊದ್ಲು. ಅಲ್ಲಿ ಬಂತು ಅಳು. ಅಜ್ಜಿ ವಿಷಯ ಮೊದ್ಲು ಹೇಳಿದೆ, ಆಮೇಲೆ ಎನ್‌ಎಂಆರು, ಮೋಟ್ರು, ಬೋರ್ಡಿನ ಮೇಲಿನ ನಂಬರು, ಒಂದಕ್ಕೊಂದು ಸಂಬಂಧ ಇಲ್ದಂಗೆ ಎಲ್ಲ ಕಕ್ಕಿದೆ.

ಆಯಮ್ಮ ಕೇಳಿದ ಪ್ರಶ್ನೆಗಳನ್ನ ಬರೀತೀನಿ, ಹೆದರ್ಕೊಳೋರಿಗೆ ಉಪಯೋಗ ಆಗುತ್ತೆ. ನಿದ್ದೆ ಎಷ್ಟು ಗಂಟೆ, ಊಟ ಸೇರ್ತಿದ್ಯಾ, ಮನೇಲಿ ಯಾರಿಗಾದ್ರೂ ಹೇಳಿದೀರಾ, ಮುಂಚೆ ಯಾವಾಗಾದ್ರೂ ಹಿಂಗಾಗಿತ್ತಾ, ಯಾವುದಾದ್ರೂ ಮಾತ್ರೆ ತಗೋತಿದೀರಾ. ಆಮೇಲೆ ನೇರವಾಗಿ, ಸಾಯ್ಬೇಕು ಅನ್ನೋ ಯೋಚನೆ ಬಂದಿದ್ಯಾ ಮೇಡಂ, ಅಂತ ಕೇಳಿದ್ಲು. ಕೇಳಿದ ತಕ್ಷಣ ಬೆಚ್ಚಿದೆ, ಆದ್ರೆ ಯಾರಾದ್ರೂ ಕೇಳ್ಲಿ ಅಂತ ಒಳಗೆ ಇತ್ತೇನೋ. ಸಾಯ್ಬೇಕು ಅಂತ ಇಲ್ಲ, ಆದ್ರೆ ಬಸ್ಸು ಎಲ್ಲಾದ್ರೂ ಗುದ್ದಿ ಕಾಲು ಮುರ್ದ್ರೆ ಒಂದು ತಿಂಗ್ಳು ಆಸ್ಪತ್ರೇಲಿ ಮಲಗ್ಬಹುದಲ್ಲ ಅಂತ ದಿನಾ ಅನ್ಸುತ್ತೆ, ಅಂದೆ. ಇದನ್ನ ನಮ್ಮನೆಯೋರಿಗೂ ಹೇಳಿರ್ಲಿಲ್ಲ. ಆಯಮ್ಮ ಅದನ್ನ ಹಗುರ ಮಾಡ್ಲಿಲ್ಲ, ಗಾಬರಿನೂ ಆಗ್ಲಿಲ್ಲ. ಹಂಗೆ ಅನ್ಸೋವಷ್ಟು ದಣಿದಿದೀರಿ, ಆ ಯೋಚನೆ ಜಾಸ್ತಿ ಆದ್ರೆ ಯಾವ ಹೊತ್ತಾದ್ರೂ ಫೋನ್ ಮಾಡಿ, ಮನೇಲಿ ಒಬ್ರಿಗಾದ್ರೂ ಇವತ್ತೇ ಹೇಳಿ, ಅಂದ್ಲು.

ಧ್ಯಾನ ಮಾಡಿ, ಪಾಸಿಟಿವ್ ಆಗಿರಿ ಅಂತ ಹೇಳಿ ಇಟ್ಬಿಡ್ತಾರೆ ಅನ್ನೋ ಭಯ ಇತ್ತು. ಅದಕ್ಕೆ ಒಂದು ತಿಂಗ್ಳು ಮುಂಚೆ ನಮಗೆ ಮೇಲಿಂದ ಒಂದು ಆನ್‌ಲೈನ್ ತರಬೇತಿ ಆಗಿತ್ತು, ಒತ್ತಡ ನಿಭಾಯಿಸೋದು ಹೆಂಗೆ ಅಂತ, ಒಂದು ಗಂಟೆ ಪಿಪಿಟಿ ತೋರಿಸಿದ್ರು, ಆ ಒಂದು ಗಂಟೇಲಿ ಬಂದ ನೀರಿನ ಫೋನುಗಳಿಗೆ ನಾನು ಮ್ಯೂಟ್ ಮಾಡ್ಕೊಂಡು ಉತ್ತರ ಕೊಟ್ಟೆ. ಬೇಜಾರು ಈಗ್ಲೂ ಇದೆ. ಕೆಲ್ಸ ಕಮ್ಮಿ ಮಾಡ್ದೆ ಮನಸ್ಸನ್ನ ಗಟ್ಟಿ ಮಾಡ್ಕೊಳಿ ಅಂದ್ರೆ ಅದು ಯಾವ ನ್ಯಾಯ.

ಆದ್ರೆ 14416ರಲ್ಲಿ ಆಯಮ್ಮ ಕೇಳಿದ್ದು ಬೇರೆ. ದಿನದಲ್ಲಿ ಯಾವ ಹೊತ್ತು ನಿಮ್ಮ ಫೋನ್ ಆಫ್ ಇರುತ್ತೆ ಅಂದ್ಲು. ಇಲ್ವೇ ಇಲ್ಲ ಅಂದೆ. ನಾಳೆ ನಿಮಗೆ ಜ್ವರ ಬಂದು ಮಲಗಿದ್ರೆ ಆ ಫೋನ್ ಯಾರು ಎತ್ತುತ್ತಾರೆ ಅಂದ್ಲು. ಉತ್ತರ ಬರ್ಲಿಲ್ಲ ನಂಗೆ. ಗೊತ್ತಿಲ್ಲ ಅಂದೆ. ಅದನ್ನೇ ಯೋಚನೆ ಮಾಡಿ ಮೇಡಂ, ಗುರುವಾರ ಮತ್ತೆ ಮಾತಾಡೋಣ, ಅಲ್ಲಿವರೆಗೂ ರಾತ್ರಿ ಹತ್ತರಿಂದ ಬೆಳಗ್ಗೆ ಐದೂವರೆ ಆ ಫೋನ್ ಬೇರೆ ರೂಮಲ್ಲಿ ಇಡಿ, ಮಲಗೋಕೆ ಮುಂಚೆ ಉಸಿರು ಬಿಡೋದನ್ನ ಎಳ್ಕೊಳೋದಕ್ಕಿಂತ ಉದ್ದ ಮಾಡಿ ಹತ್ತು ಸಲ, ಅಷ್ಟೇ ಮಾಡಿ, ಅಂದ್ಲು. ಒಟ್ಟು ನಲವತ್ತು ನಿಮಿಷ. ದುಡ್ಡು ಒಂದು ರೂಪಾಯಿ ಕಟ್ಟಾಗ್ಲಿಲ್ಲ, ಚೆಕ್ ಮಾಡಿದೀನಿ.

ಅವತ್ತು ರಾತ್ರಿ ನಮ್ಮನೆಯೋರಿಗೆ ಹೇಳಿದೆ. ಸುಮ್ನೆ ಕೇಳಿಸ್ಕೊಂಡ್ರು, ಫೋನ್ ತಗೊಂಡು ಹೋಗಿ ದೇವರ ಮನೇಲಿ ಇಟ್ರು.

ಎರಡನೇ ಸಲ ಮಾತಾಡಿದಾಗ ಬರ್ನೌಟ್ ಅನ್ನೋ ಪದ ಬಂತು. ಅದ್ರ ಬಗ್ಗೆ ಆಮೇಲೆ ನಾನೇ ಓದ್ಕೊಂಡೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಕೊಂಡ ಐಸಿಡಿ-11 ಅನ್ನೋ ಕಾಯಿಲೆಗಳ ಪಟ್ಟೀಲಿ ಬರ್ನೌಟ್ ಇದೆ, ಆದ್ರೆ ಅದನ್ನ ಕಾಯಿಲೆ ಅಂತ ಕರೆದಿಲ್ಲ, ಕೆಲ್ಸದ ಜಾಗದಲ್ಲಿ ದಿನಗಟ್ಟಲೆ ಸರಿಯಾಗದೇ ಉಳಿದ ಒತ್ತಡದಿಂದ ಬರೋ ಸ್ಥಿತಿ ಅಂತ ಹೇಳಿದಾರೆ. ಮೂರು ಗುರುತು. ಒಂದು, ಮೈಯಲ್ಲಿ ಶಕ್ತೀನೇ ಇಲ್ದಂಗೆ ಬಳಲೋದು. ಎರಡು, ಕೆಲ್ಸದ ಮೇಲೆ ಮನಸ್ಸು ದೂರ ಆಗೋದು, ತಿರಸ್ಕಾರ ಹುಟ್ಟೋದು. ಮೂರು, ನನ್ನ ಕೈಲಿ ಏನೂ ಆಗ್ತಿಲ್ಲ ಅನ್ಸೋದು, ಕೆಲ್ಸದಲ್ಲಿ ಹಿಡಿತ ತಪ್ಪೋದು. ಓದ್ತಾ ಓದ್ತಾ, ಸೋಮವಾರದ ಮೈ, ಅಜ್ಜಿಗೆ ಅಂದ ಮಾತು, ಎನ್‌ಎಂಆರಿನ ತಪ್ಪು, ಮೂರೂ ಅಲ್ಲೇ ಇತ್ತು. ನಾನು ಕೆಟ್ಟೋಳಾಗಿ ಹೋದೆ ಅಂದ್ಕೊಂಡಿದ್ದೆ. ಆ ಮಾತು ತಪ್ಪೇ, ಅದ್ರಲ್ಲಿ ಎರಡು ಮಾತಿಲ್ಲ, ಆದ್ರೆ ಅದು ಬಂದ ದಾರಿ ಗೊತ್ತಾಯ್ತು.

ಈ ಸೇವೇಲಿ ಇನ್ನೊಂದು ಹಂತ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಫೋನಲ್ಲಿ ಮಾತಾಡೋ ಕೌನ್ಸೆಲರ್‌ಗಳು ಮೊದಲ್ನೇ ಹಂತ, ಡಾಕ್ಟ್ರು ನೋಡ್ಬೇಕು ಅನ್ಸಿದ್ರೆ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಕಡೆಗೋ ಮೆಡಿಕಲ್ ಕಾಲೇಜ್ ಕಡೆಗೋ ಕಳಿಸ್ತಾರೆ, ಇ-ಸಂಜೀವನಿ ಅನ್ನೋ ಸರ್ಕಾರಿ ಆನ್‌ಲೈನ್ ಡಾಕ್ಟ್ರ ಸೇವೇಲಿ ವಿಡಿಯೋ ಮೂಲಕ ತೋರಿಸೋ ವ್ಯವಸ್ಥೆನೂ ಇದೆ. ನಂಗೆ ಜಿಲ್ಲಾಸ್ಪತ್ರೆಗೆ ಹೋಗಿ ಅಂದ್ರು. ಹಳ್ಳೀಲಿರೋರಿಗೆ ಜಿಲ್ಲೆವರೆಗೂ ಬರೋದು ಕಷ್ಟ ಆದ್ರೆ, ಮಂಗಳವಾರದ ಮನೋಚೈತನ್ಯ ಅಂತ ತಾಲೂಕು ಆಸ್ಪತ್ರೆಗಳಿಗೇ ಮನೋವೈದ್ಯರು ಬಂದು ನೋಡೋ ಕಾರ್ಯಕ್ರಮ ನಮ್ಮ ರಾಜ್ಯದಲ್ಲಿದೆ, ನಿಮ್ಮ ತಾಲೂಕಲ್ಲಿ ಯಾವ ದಿನ ಅಂತ ಕೇಳ್ಕೊಂಡು ಹೋಗಿ.

ಜಿಲ್ಲಾಸ್ಪತ್ರೇಲಿ ಚೀಟಿ ಮಾಡಿಸಿ ಕ್ಯೂನಲ್ಲಿ ನಿಂತಾಗ ದುಪಟ್ಟಾ ತಲೆ ಮೇಲೆ ಎಳ್ಕೊಂಡಿದ್ದೆ, ಯಾರಾದ್ರೂ ಪಂಚಾಯ್ತಿ ಕಡೆಯೋರು ನೋಡಿಬಿಟ್ರೆ ಅಂತ. ಡಾಕ್ಟ್ರು ನಿದ್ದೆ ಮಾತ್ರೆ ಬರ್ಕೊಟ್ಟು ಕಳಿಸ್ಬಿಡ್ತಾರೆ ಅಂದ್ಕೊಂಡಿದ್ದೆ, ಮೊದ್ಲು ರಕ್ತ ಪರೀಕ್ಷೆ ಬರೆದ್ರು, ಥೈರಾಯ್ಡು, ಹಿಮೋಗ್ಲೋಬಿನ್ನು. ಥೈರಾಯ್ಡ್ ಸರಿ ಇತ್ತು. ಹಿಮೋಗ್ಲೋಬಿನ್ 9.1. ಹೆಣ್ಮಕ್ಕಳಿಗೆ 12 ಆದ್ರೂ ಇರ್ಬೇಕು. ಸುಸ್ತಲ್ಲಿ ಒಂದು ಪಾಲು ಇದ್ರದ್ದು ಅಂತ ಕಬ್ಬಿಣದ ಮಾತ್ರೆ ಕೊಟ್ರು, ಊಟ ಆದ ತಕ್ಷಣ ಟೀ ಕುಡೀಬೇಡಿ ಅಂದ್ರು, ಮನಸ್ಸಿಗೆ ಅಂತ ಮಾತ್ರೆ ಈಗ ಬೇಡ, ಎರಡು ವಾರ ಬಿಟ್ಟು ಬನ್ನಿ ನೋಡೋಣ ಅಂದ್ರು. ಇದನ್ನ ಎಲ್ಲಾ ಹೆಣ್ಮಕ್ಕಳಿಗೂ ಹೇಳ್ತೀನಿ, ಸುಸ್ತು ಅಂದ್ರೆ ಟೆನ್ಷನ್ ಅಂತ ಬಿಟ್ಬಿಡ್ಬೇಡಿ, ರಕ್ತ ಒಂದು ಸಲ ನೋಡಿಸಿ. ನಾವು ಆಪರೇಟರ್‌ಗಳು, ಆಶಾದೋರು, ಅಂಗನವಾಡಿಯೋರು, ಬೇರೆಯೋರ ಹಿಮೋಗ್ಲೋಬಿನ್ ಎಲ್ಲ ಎಂಟ್ರಿ ಮಾಡ್ತೀವಿ, ನಮ್ದು ಎಷ್ಟಿದೆ ಗೊತ್ತಿರಲ್ಲ.

ಯಾರಿಗಾದ್ರೂ ಗೊತ್ತಾಗುತ್ತಾ ಅನ್ನೋ ಭಯ ಇರೋರಿಗೆ ಒಂದು ಮಾತು. ಚಿಕಿತ್ಸೆ ವಿಷಯ ಗುಟ್ಟಾಗಿರೋದು 2017ರ ಮಾನಸಿಕ ಆರೋಗ್ಯ ಕಾಯ್ದೇಲಿ ನಮಗಿರೋ ಹಕ್ಕು. ನಮ್ಮ ಆಫೀಸಿಗೆ ಯಾರೂ ಫೋನ್ ಮಾಡ್ಲಿಲ್ಲ, ಮನೆಗೆ ಪತ್ರನೂ ಬರ್ಲಿಲ್ಲ. ನಾನಾಗೇ ಹೇಳೋವರೆಗೂ ಯಾರಿಗೂ ಗೊತ್ತಿರ್ಲಿಲ್ಲ.

ಈಗ ಈ ನಂಬರಿಂದ ಏನು ಆಗಲ್ಲ ಅನ್ನೋದನ್ನೂ ಹೇಳ್ಬೇಕು. ಅವ್ರು ನಿಮ್ಮ ಸಾಹೇಬ್ರ ಹತ್ರ ಮಾತಾಡಲ್ಲ. ರಜಾ ಕೊಡ್ಸಲ್ಲ. ತಡ ಆಗಿರೋ ಸಂಬಳ ತರ್ಸಲ್ಲ, ಆ ವರ್ಷ ನಂಗೆ ಎರಡು ತಿಂಗ್ಳ ಸಂಬಳ ಒಟ್ಟಿಗೆ ಬಂತು, ಅದ್ರ ಒತ್ತಡನೂ ಸೇರಿತ್ತು. ಬೋರಲ್ಲಿ ನೀರು ಬರ್ಸಲ್ಲ. ಕೆಲ್ಸ ಹೆಂಗಿತ್ತೋ ಹಂಗೇ ಇದ್ರೆ ಎಷ್ಟು ಸಲ ಫೋನ್ ಮಾಡಿ ಅತ್ರೂ ಮಾರನೇ ದಿನ ಮತ್ತೆ ಅದೇ. ನಂಗೆ ಅವ್ರು ಮಾಡಿದ ದೊಡ್ಡ ಉಪಕಾರ ಅಂದ್ರೆ ಆ ಒಂದು ಪ್ರಶ್ನೆ, ನೀವು ಮಲಗಿದ್ರೆ ಫೋನ್ ಯಾರು ಎತ್ತುತ್ತಾರೆ. ಅದನ್ನ ಹಿಡ್ಕೊಂಡು ಹೋಗಿ ನಮ್ಮ ಪಿಡಿಒ ಸಾರ್ ಮುಂದೆ ಕೂತೆ. ಅವ್ರ ಕಣ್ಣು ನೋಡಿದ್ರೆ ಅವ್ರೂ ಮಲಗಿ ಎಷ್ಟು ದಿನ ಆಗಿತ್ತೋ. ಸಾರ್, ನನ್ನ ಕೈಲಿ ಇನ್ನಾಗಲ್ಲ, ನಾನು ಬಾಣಂತಿ ಮನೆಯೋರಿಗೆ ಹಿಂಗಂದೆ, ಅಂತ ಹೇಳಿದೆ. ಸ್ವಲ್ಪ ಹೊತ್ತು ಪೇಪರ್‌ವೇಟ್ ತಿರುಗಿಸ್ತಾ ಕೂತ್ರು. ಆಮೇಲೆ, ಏನ್ ಮಾಡಣ ಹೇಳಮ್ಮ, ಅಂದ್ರು.

ಮಾಡಿದ್ದು ಇಷ್ಟೇ. ಇನ್ನೂರು ಚಿಲ್ಲರೆ ರೂಪಾಯಿ ರೀಚಾರ್ಜ್ ಹಾಕ್ಸಿ ಹೊಸ ಸಿಮ್ಮು, ಹಳೇ ಕೀಪ್ಯಾಡ್ ಫೋನು, ಅದೇ ದೂರಿನ ನಂಬರ್ ಅಂತ ಬೋರ್ಡುಗಳ ಮೇಲೆ ನನ್ನ ನಂಬರ್ ಅಳಿಸಿ ಬರೆಸಿದ್ವಿ. ಬಿಲ್ ಕಲೆಕ್ಟರ್ ಅಣ್ಣ, ಅಟೆಂಡರ್, ಕಾರ್ಯದರ್ಶಿ ಮೇಡಂ, ನಾನು, ನಾಲ್ಕು ಜನ ಪಾಳಿ, ರಾತ್ರಿ ಹತ್ತಕ್ಕೆ ಆಫ್, ಬೆಂಕಿಗಿಂಕಿ ಆದ್ರೆ ಮೆಂಬರ್‌ಗಳಿಗೆ ಮಾಡಿ ಅಂತ ಹೇಳಿದ್ವಿ. ಒಂದು ಉದ್ದ ರಿಜಿಸ್ಟರ್, ಯಾರು ಮಾಡಿದ್ರು, ಯಾವ ಬೀದಿ, ಏನು ಹೇಳಿದ್ವಿ. ಇನ್ನೊಂದು, ನನ್ನ ಪ್ರಕಾರ ಮುಖ್ಯವಾಗಿದ್ದು ಇದೇ, ನೀರುಗಂಟಿಗಳನ್ನೂ ಟ್ಯಾಂಕರ್ ಡ್ರೈವರ್‌ಗಳನ್ನೂ ಒಟ್ಟಿಗೆ ಕೂರಿಸಿ ಯಾವ ಬೀದಿಗೆ ಯಾವ ದಿನ ಅಂತ ಬರ್ದು ಪ್ರತಿ ಮಿನಿ ಟ್ಯಾಂಕಿನ ಹತ್ರ ಸೀಮೆಸುಣ್ಣದಲ್ಲಿ ಹಾಕಿಸಿದ್ವಿ. ಮೂರು ದಿನಕ್ಕೊಂದು ಸಲ ಅಂದ್ರೆ ಮೂರು ದಿನಕ್ಕೊಂದು ಸಲ. ತಪ್ಪಿದ್ರೆ ಹಿಂದಿನ ದಿನವೇ ಅಳಿಸಿ ಬರೀಬೇಕು. ನೀರು ಒಂದು ಕೊಡನೂ ಜಾಸ್ತಿ ಆಗ್ಲಿಲ್ಲ ಇದ್ರಿಂದ. ಆದ್ರೆ ಫೋನು ಅರ್ಧಕ್ಕರ್ಧ ಕಮ್ಮಿ ಆಯ್ತು, ರಿಜಿಸ್ಟರಲ್ಲೇ ಕಾಣ್ತಿತ್ತು. ಯಾವಾಗ ಅನ್ನೋದು ಗೊತ್ತಾದ್ರೆ ಜನ ತಡ್ಕೋತಾರೆ, ಬರಗಾಲ ಅವ್ರಿಗೇನು ಹೊಸದಾ.

ನನ್ನ ಪಾಳಿ ಇಲ್ದಾಗ ರಿಂಗ್ ಆದ್ರೂ ಎದೆ ಹೊಡ್ಕೊಳೋದು ನಿಲ್ಲೋಕೆ ಜುಲೈವರೆಗೂ ಹಿಡೀತು. ಒಂದು ವಾರಕ್ಕೆ ಸರಿ ಹೋಗ್ಬಿಡುತ್ತೆ ಅಂತ ಯಾರಾದ್ರೂ ಹೇಳಿದ್ರೆ ನಂಬ್ಬೇಡಿ. 14416ಗೆ ಒಟ್ಟು ಐದು ಸಲ ಮಾಡಿದೀನಿ, ಜಿಲ್ಲಾಸ್ಪತ್ರೆಗೆ ಮೂರು ಸಲ. ಹಿಮೋಗ್ಲೋಬಿನ್ ಆಗಸ್ಟಲ್ಲಿ 11.4 ಆಗಿತ್ತು. ಅಷ್ಟ್ರಲ್ಲಿ ಮಳೆನೂ ಬಂತು, ಬೋರುಗಳು ಒಂದೆರಡು ತಿರುಗಿ ನೀರು ಕೊಟ್ವು.

ಅಜ್ಜಿ ಮನೆಗೆ ಹೋಗಿದ್ದೆ. ನಂಬರ್ ಕಾಲ್ ಲಾಗಲ್ಲಿ ಸೇವ್ ಮಾಡಿಟ್ಕೊಂಡಿದ್ದೆ, ನೀರುಗಂಟಿಯಣ್ಣ ಮನೆ ತೋರಿಸ್ದ. ಜೂನು, ಮೋಡ ಇತ್ತು. ಅವತ್ತು ಫೋನಲ್ಲಿ ಅಂದಿದ್ದು ನಾನೇ ಅಜ್ಜಿ, ತಪ್ಪಾಯ್ತು, ಅಂದೆ. ಅಜ್ಜಿಗೆ ಎಲ್ಲಾ ನೆನಪಿತ್ತು. ಹೂಂ ಕಣವ್ವ, ಅವತ್ತು ಬೋ ನೋವಾತು, ಹಬ್ಬದ ದಿನ, ಅಂದ್ಲು, ಸುಮ್ನೆ ಹೋಗ್ಲಿ ಬಿಡು ಅನ್ಲಿಲ್ಲ. ಅದು ಒಳ್ಳೇದೇ ಆಯ್ತು ಅನ್ಸುತ್ತೆ ನಂಗೆ. ಅವತ್ತು ಪಕ್ಕದ ಮನೆಯೋರು ಅವ್ರ ಪಾಲಿನದ್ರಲ್ಲಿ ಎರಡು ಕೊಡ ಕೊಟ್ಟಿದ್ರಂತೆ. ಕೂಸು ಮುಂಗೈ ಬಾಯಿಗೆ ಇಟ್ಕೊಂಡು ಚೀಪ್ತಾ ಇತ್ತು, ಸ್ವಲ್ಪ ಹೊತ್ತು ಎತ್ಕೊಂಡು ಕೂತಿದ್ದು ಬಂದೆ.

ರೇಟಿಂಗ್ ಕೇಳಿದ್ರೆ ಐದಕ್ಕೆ ಐದು. ಈಗ ಇದ್ರದ್ದು ಆಪೂ ಇದೆ, 2024ರ ಅಕ್ಟೋಬರಲ್ಲಿ ಬಂತು, ಆದ್ರೆ ನಂಗೆ ಫೋನೇ ಹಿತ. ಮಾಡೋಕೆ ಮುಂಚೆ ಮಾತಾಡೋಕೆ ಒಂದು ಜಾಗ ನೋಡ್ಕೊಳಿ, ಟೆರೇಸು, ತೋಟ, ದೇವಸ್ಥಾನದ ಹಿಂದೆ, ಎಲ್ಲಾದ್ರೂ ಸರಿ, ಅರ್ಧ ಗಂಟೆ ಯಾರೂ ಕರೀಬಾರ್ದು. ಏನ್ ಹೇಳ್ಬೇಕು ಅಂತ ಜೋಡಿಸ್ಕೊಂಡು ಹೋಗೋ ಅವಶ್ಯಕತೆ ಇಲ್ಲ, ಹೆಂಗೆ ಬರುತ್ತೋ ಹಂಗೆ ಹೇಳಿ. ತಕ್ಷಣ ಜೀವಕ್ಕೆ ಅಪಾಯ ಅನ್ನೋ ಹಂಗಿದ್ರೆ 112ಗೂ ಮಾಡಿ, ಒಬ್ರೇ ಇರ್ಬೇಡಿ. ಪಂಚಾಯ್ತಿಯೋರೇ ಅಲ್ಲ, ಲೈನ್‌ಮನ್‌ಗಳು, ಬಸ್ ಕಂಡಕ್ಟರ್‌ಗಳು, ನರ್ಸಮ್ಮಂದಿರು, ಆಶಾದೋರು, ಜನರ ಸಿಟ್ಟು ಮೊದ್ಲು ಬಂದು ಬೀಳೋದು ಯಾರ ಮೇಲೋ ಅವ್ರಿಗೆಲ್ಲ ಹೇಳ್ತಿದೀನಿ, ಯಾರಿಗೋ ಹಂಗಂದು ಬಿಡೋವರೆಗೂ ಕಾಯ್ಬೇಡಿ, ಎರಡು ತಿಂಗ್ಳು ಮುಂಚೆನೇ ಮಾಡಿ.

ನಮ್ಮ ಪಂಚಾಯ್ತಿ ನೋಟಿಸ್ ಬೋರ್ಡಲ್ಲಿ ಆ ಪೋಸ್ಟರ್ ಈಗ್ಲೂ ಇದೆ, ಬಿಸಿಲಿಗೆ ಬಣ್ಣ ಹೋಗಿದೆ, ನಂಬರ್ ಕಾಣುತ್ತೆ. ಅದ್ರ ಕೆಳಗೆ ಮಾರ್ಕರ್ ಪೆನ್ನಲ್ಲಿ ನಾನು ಬರ್ದಿದೀನಿ: ರಾತ್ರೀನೂ ಎತ್ತುತ್ತಾರೆ, ಕನ್ನಡದಲ್ಲಿ ಮಾತಾಡ್ತಾರೆ, ದುಡ್ಡಿಲ್ಲ, ಇಲ್ಲಿ ಕೆಲ್ಸ ಮಾಡೋರೂ ಮಾಡ್ಬಹುದು.